ಜುಮಾ ಬಿಟ್ಟ ನೀರುಗಂಟಿ

ನಮ್ಮ ಬಡಾವಣೆಯಲ್ಲಿ ಈಗ ಒಂದು ಮಾತು ಓಡಾಡುತ್ತಿದೆ. ನೀರುಗಂಟಿ ಚಾಚಾ ಜೀವಮಾನವಿಡೀ ನಮಾಜು ಮಾಡದೆ ಕೊನೆಯ ವಾರದಲ್ಲಿ ದಾರಿಗೆ ಬಂದರು, ಇಮಾಮರ ಕೈ ಹಿಡಿದು ಪಶ್ಚಾತ್ತಾಪಪಟ್ಟರು, ಆದ್ದರಿಂದ ಪಾರಾದರು ಎಂಬುದೇ ಆ ಮಾತು. ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿರಬಹುದು. ಆದರೆ ಅದರಲ್ಲಿ ಎಳ್ಳಷ್ಟೂ ಸತ್ಯವಿಲ್ಲ. ನಾನು ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ಕಂಡದ್ದಕ್ಕೂ ಕೇಳಿದ್ದಕ್ಕೂ ಊಹಿಸಿದ್ದಕ್ಕೂ ಇರುವ ಅಂತರ ನನಗೆ ಗೊತ್ತು. ಚಾಚಾರ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆದ್ದರಿಂದ ಈ ಸುಳ್ಳನ್ನು ಹಾಗೆಯೇ ಬಿಡಲು ನನಗೆ ಮನಸ್ಸಿಲ್ಲ. ನಾನೇ ಕಂಡದ್ದು ಯಾವುದು, ಅವರ ಹೆಂಡತಿ ಚಾಚಿಯವರು ಹೇಳಿದ್ದು ಯಾವುದು ಎಂಬುದನ್ನು ಬೇರೆಬೇರೆಯಾಗಿಯೇ ಬರೆಯುತ್ತೇನೆ.

ಅವರ ಕೆಲಸ ನೀರು ಬಿಡುವುದು. ಗುಡ್ಡದ ಮೇಲಿನ ಟ್ಯಾಂಕಿನಿಂದ ಇಳಿದು ಬರುವ ದೊಡ್ಡ ಕೊಳವೆ ನಮ್ಮ ಮೇಲುಬೀದಿ ಮುಗಿದು ಕೆಳಬೀದಿ ಮೊದಲಾಗುವಲ್ಲಿ ಕವಲೊಡೆಯುತ್ತದೆ. ಅಲ್ಲಿ ಕಬ್ಬಿಣದ ಮುಚ್ಚಳದ ಒಂದು ಗುಂಡಿ, ಅದರೊಳಗೆ ವಾಲ್ವು. ಎದೆಮಟ್ಟದ ಕಬ್ಬಿಣದ ಕೀಲಿಯನ್ನು ವಾಲ್ವಿನ ತಲೆಗೆ ಕೂರಿಸಿ ಎರಡೂ ಕೈಗಳಿಂದ ತಿರುಗಿಸಬೇಕು. ಬರಿದಾಗಿದ್ದ ಕೊಳವೆಯಲ್ಲಿ ತುಂಬಿಕೊಂಡ ಗಾಳಿ ಮೊದಲು ಹೊರಟುಹೋಗಬೇಕು. ಆತುರಪಟ್ಟು ತೆರೆದರೆ ಹಳೆಯ ಕೊಳವೆ ಜೋಡಣೆಯಲ್ಲಿ ಬಿರಿಯುತ್ತದೆ. ಚಾಚಾ ಸ್ವಲ್ಪ ತಿರುಗಿಸುತ್ತಿದ್ದರು, ಕೀಲಿಯ ಹಿಡಿಗೆ ಕಿವಿಯಾನಿಸಿ ಆಲಿಸುತ್ತಿದ್ದರು, ಮತ್ತೆ ಸ್ವಲ್ಪ ತಿರುಗಿಸುತ್ತಿದ್ದರು. “ಬೀದಿಗೆ ಮೊದ್ಲು ತೇಗು ಬರ್ಲಿ, ಆಮೇಲೆ ಕುಡಿಸೋಣ,” ಎನ್ನುತ್ತಿದ್ದರು.

ಕೆಳಬೀದಿಯ ಮೊದಲ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರಿದ್ದಾರೆ. ಎಲ್ಲರೂ ಟೈಲರ್ ಅಕ್ಕ ಎನ್ನುತ್ತಾರೆ. ಚಾಚಾರಿಗೂ ಅವರಿಗೂ ಪ್ರತಿ ಸರದಿಯಲ್ಲೂ ಜಗಳ.

“ಏನ್ ಚಾಚಾ, ನೀರು ಇವತ್ತು ಹೊಸ ಮದುಮಗಳ ಥರ ನಾಚ್ಕೊಂಡು ಬರ್ತಿದೆ?”

“ನಿನ್ನ ಬಿಂದಿಗೆ ನೋಡಿ ಹೆದರ್ಕೊಂಡಿದೆ ತಾಯಿ. ಅದು ಬಿಂದಿಗೇನಾ, ಬಾವೀನಾ?”

ಚಾಚಾ ದೇವಮಾನವರಾಗಿದ್ದರೆಂದು ನಾನು ಬರೆಯುತ್ತಿಲ್ಲ. ಮೂಗಿನ ತುದಿಯಲ್ಲಿ ಕೋಪ. ಮೇಲುಬೀದಿಯ ಗೃಹಸ್ಥರೊಬ್ಬರು ಕೊಳವೆಗೆ ಕದ್ದು ಮೋಟರು ಹಚ್ಚಿ ನೀರೆಳೆಯುತ್ತಿದ್ದಾಗ ಚಾಚಾ ಆ ಮೋಟರನ್ನು ಕಿತ್ತು ಚರಂಡಿಗೆ ಎಸೆದರು. ಬೈಗುಳಗಳನ್ನೂ ಧಾರಾಳವಾಗಿ ಬಳಸಿದರು. ಅದು ನಾನೇ ಕಂಡದ್ದು.

ಕೆಳಬೀದಿಗೆ ವಾರದಲ್ಲಿ ಎರಡೇ ಸರದಿ. ಅವುಗಳಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಬೀಳುತ್ತದೆ. ಶುಕ್ರವಾರ ಮಧ್ಯಾಹ್ನವೇ ನಮ್ಮ ಜುಮಾ ನಮಾಜಿನ ಹೊತ್ತು. ಉಳಿದ ನಮಾಜುಗಳನ್ನು ಒಬ್ಬನೇ ಮಾಡಿದರೂ ಸಲ್ಲುತ್ತದೆ, ಜುಮಾವನ್ನು ಮಾತ್ರ ಎಲ್ಲರೊಡನೆ ಸಾಲಿನಲ್ಲಿ ನಿಂತೇ ಮಾಡಬೇಕು. ಕಾರಣವಿಲ್ಲದೆ ಸಾಲಾಗಿ ಮೂರು ಜುಮಾ ಬಿಟ್ಟವನ ಎದೆಗೆ ಮೊಹರು ಬೀಳುತ್ತದೆ, ಅದು ದೇವರ ಕಡೆಗೆ ಮುಚ್ಚಿಹೋಗುತ್ತದೆ ಎಂಬ ಎಚ್ಚರಿಕೆ ನಮ್ಮಲ್ಲಿದೆ. ಕಾರಣವಿಲ್ಲದೆ ಎಂಬ ಷರತ್ತನ್ನು ಓದುಗರು ದಯವಿಟ್ಟು ಗಮನಿಸಬೇಕು. ಗಮನಿಸಬೇಕಾಗಿದ್ದವರು ಗಮನಿಸಲಿಲ್ಲ.

ಚಾಚಾ ಜುಮಾಕ್ಕೆ ಬರುತ್ತಿರಲಿಲ್ಲ. ಜುಮಾಕ್ಕೆ ಮಾತ್ರವಲ್ಲ, ಮಸೀದಿಯ ಮೆಟ್ಟಿಲನ್ನೇ ತುಳಿಯುತ್ತಿರಲಿಲ್ಲ. ನಾನು ಈ ಬೀದಿಗೆ ಬರುವ ಹೊತ್ತಿಗಾಗಲೇ ಅವರು ನಮಾಜು ಬಿಟ್ಟವರೆಂಬುದು ಎಲ್ಲರೂ ಒಪ್ಪಿಕೊಂಡ ಸಂಗತಿಯಾಗಿತ್ತು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೂ ಇಲಾಖೆಯವರು ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಅವರು ಕೀಲಿಯನ್ನು ಕೆಳಗಿಡಲೂ ಇಲ್ಲ.

ಒಂದು ಸಂಜೆ ನಮಾಜು ಮುಗಿದ ಮೇಲೆ ಮಸೀದಿಯ ಜಗಲಿಯಲ್ಲಿ ಕೆಲವರು ಕುಳಿತಿದ್ದೆವು. ಮೇಷ್ಟರೊಬ್ಬರು ಇಮಾಮರನ್ನು ಕೇಳಿದರು: “ಹಜ್ರತ್, ಮನುಷ್ಯನ್ನ ಪಾರು ಮಾಡೋದು ಈಮಾನಾ, ಅವನು ಮಾಡಿದ ಒಳ್ಳೇ ಕೆಲಸಾನಾ?” ಈಮಾನ್ ಎಂದರೆ ದೇವರಲ್ಲಿಟ್ಟ ವಿಶ್ವಾಸ. ನಮ್ಮ ಇಮಾಮರು ವಯಸ್ಸಿನಲ್ಲಿ ಚಿಕ್ಕವರು, ಯೋಚಿಸಿ ಮಾತಾಡುವವರು. ಅವರು ಬಾಯಿ ತೆರೆಯುವ ಮೊದಲೇ ಮಸೀದಿ ಕಮಿಟಿಯ ಕಾರ್ಯದರ್ಶಿಗಳು ಉತ್ತರ ಕೊಟ್ಟುಬಿಟ್ಟರು. ಇವರು ಹಾಸಿಗೆ ಅಂಗಡಿಯ ಮಾಲೀಕರು. ಐದು ಹೊತ್ತೂ ಮೊದಲ ಸಾಲಿನಲ್ಲಿ, ಇಮಾಮರ ಬೆನ್ನಿಗೇ ನಿಲ್ಲುವವರು.

“ಇದ್ರಲ್ಲಿ ಕೇಳೋದೇನಿದೆ ಮೇಷ್ಟ್ರೇ? ನಮ್ಮ ನೀರುಗಂಟೀನೇ ನೋಡಿ. ಊರಿಗೆಲ್ಲ ಬೇಕಾದೋನು. ಏನು ಬಂತು? ಬಿತ್ತದೇ ಇರೋ ಹೊಲಕ್ಕೆ ಎಷ್ಟು ನೀರು ಹಾಯ್ಸಿದ್ರೂ ಪೈರು ಬರುತ್ತಾ?”

ಎಲ್ಲರೂ ನಕ್ಕರು. ಇಮಾಮರು ನಗಲಿಲ್ಲ.

“ಬಿತ್ತಿ ನೀರು ಹಾಯ್ಸದೇ ಇದ್ರೂ ಬರಲ್ಲ ಯಜಮಾನ್ರೇ. ನಮ್ಮಲ್ಲಿ ವಿಶ್ವಾಸ, ಸತ್ಕರ್ಮ ಎರಡನ್ನೂ ಒಂದೇ ಉಸಿರಲ್ಲಿ ಹೇಳ್ತಾರೆ. ಎರಡೂ ಇದ್ರೂ ಕೊನೇಗೆ ದಾಟಿಸೋದು ಅವನ ದಯೆ. ಅದಿರ್ಲಿ, ಯಾರ ಹೊಲದಲ್ಲಿ ಬೀಜ ಬಿದ್ದಿದೆ, ಯಾರದ್ರಲ್ಲಿ ಇಲ್ಲ ಅಂತ ಮಣ್ಣೊಳಗೆ ಇಣುಕಿ ನೋಡಿದೋರು ಯಾರು?”

“ನೋಡ್ಬೇಕಾ? ಮೂರಲ್ಲ, ಮುನ್ನೂರು ಜುಮಾ ಬಿಟ್ಟಿದಾನೆ!” ಎಂದು ಕಾರ್ಯದರ್ಶಿಗಳು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಇದಾದ ಕೆಲವು ತಿಂಗಳಿಗೆ ಚಾಚಾ ಮಲಗಿದರು. ಹೃದಯ ಸೋತಿತ್ತು. ಕಾಲುಗಳು ಬಾತುಕೊಂಡಿದ್ದವು. ಮುಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿ ಅವರ ಮಂಚ, ತಲೆದೆಸೆಯಲ್ಲಿ ಔಷಧದ ಸ್ಟೂಲು, ಬಾಗಿಲ ಮೂಲೆಯಲ್ಲಿ ಗೋಡೆಗೊರಗಿಸಿದ ಕಬ್ಬಿಣದ ಕೀಲಿ. ವೈದ್ಯರು ಇನ್ನು ಹೆಚ್ಚು ದಿನವಿಲ್ಲ ಎಂದಿದ್ದರು. ಅವರನ್ನು ನೋಡಿಕೊಳ್ಳಲು ಮದುವೆಯಾಗಿದ್ದ ಒಬ್ಬಳೇ ಮಗಳು ಬಂದು ಉಳಿದಿದ್ದಳು. ಕೆಳಬೀದಿಯವರು, ಎಲ್ಲ ಮತದವರೂ, ಬಂದು ನೋಡಿ ಹೋಗುತ್ತಿದ್ದರು. ಟೈಲರ್ ಅಕ್ಕ ಗಂಜಿ ತಂದು, ಚಾಚಾ ಕುಡಿಯುವವರೆಗೆ ಏಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಾಗ ಚಾಚಾ ಮೆಲ್ಲಗೆ ಕರೆದರು.

“ಶಿರಸ್ತೇದಾರ್ರೇ, ನಿಮ್ಮಿಂದ ಒಂದು ಕೆಲಸ ಆಗ್ಬೇಕು. ನಾನು ಹೋದ್ಮೇಲೆ ಮಸೀದಿಗೆ ಹೇಳಿ ಕಳಿಸ್ಬೇಡಿ.”

“ಏನಂದಿರಿ?”

“ಜನಾಜಾ ನಮಾಜು ಬೇಡ. ಅಲ್ಲಿಗೆ ಹೊತ್ಕೊಂಡ್ ಹೋಗಿ, ಅವರು ಆಗಲ್ಲ ಅಂತ ವಾಪಸ್ ಕಳಿಸಿದ್ರೆ ನನ್ನ ಮಗಳು ಅಷ್ಟು ಜನದ ಮುಂದೆ ತಲೆ ತಗ್ಗಿಸ್ಬೇಕು. ನೀವು, ಅಳಿಯ, ಇನ್ನಿಬ್ರು ಯಾರಾದ್ರೂ ಸಾಕು. ಸುಮ್ನೆ ಒಯ್ದು ಮಣ್ಣು ಮಾಡ್ಬಿಡಿ.”

ಅನ್ಯಮತದ ಓದುಗರಿಗಾಗಿ ಹೇಳುತ್ತೇನೆ: ಸತ್ತ ಮುಸಲ್ಮಾನನಿಗಾಗಿ ಬದುಕಿರುವವರು ಸಲ್ಲಿಸಲೇಬೇಕಾದ ಕಡೆಯ ಪ್ರಾರ್ಥನೆ ಜನಾಜಾ ನಮಾಜು. ಕುಡುಕನಿಗೂ ಉಂಟು, ಕಳ್ಳನಿಗೂ ಉಂಟು. ಅದನ್ನು ತನಗೆ ಬೇಡವೆಂದ ಮನುಷ್ಯನನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಕೇಳಿಸಿಕೊಂಡಿದ್ದಳು. ಅವಳ ಮುಖ ಗೋಡೆಯ ಸುಣ್ಣದಂತೆ ಬಿಳಿಚಿಕೊಂಡಿತ್ತು.

“ಅಪ್ಪಾ, ಏನ್ ಮಾತಾಡ್ತಿದೀರಾ? ಯಾರು ಆಗಲ್ಲ ಅಂದಿದ್ದು ನಿಮಗೆ?”

“ಹಾಸಿಗೆ ಅಂಗಡಿಯೋರು. ಆಗ ನೀನು ತೊಟ್ಟಿಲಲ್ಲಿದ್ದೆ.”

ಮುಂದಿನದು ಮಗಳ ಹಿಂದೆಯೇ ಕೋಣೆಗೆ ಬಂದ ಚಾಚಿಯವರು ಹೇಳಿದ್ದು. ಚಾಚಾ ಅದನ್ನು ಅಲ್ಲಗಳೆಯಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಶುಕ್ರವಾರ ಕೀಲಿಯನ್ನು ಸಹೋದ್ಯೋಗಿಯೊಬ್ಬನಿಗೆ ಕೊಟ್ಟು ಜುಮಾಕ್ಕೆ ಹೋಗುತ್ತಿದ್ದರು. ಒಂದು ಶುಕ್ರವಾರ ಅವನು ಒಮ್ಮೆಲೇ ವಾಲ್ವು ತಿರುಗಿಸಿದ. ಕೊಳವೆ ಒಡೆಯಿತು. ರಿಪೇರಿ ಮುಗಿಯುವವರೆಗೆ ಕೆಳಬೀದಿಯವರು ಹಾಳುಬಾವಿಯ ನೀರು ಕುಡಿದರು. ವಾಂತಿಭೇದಿ ಹರಡಿ ಕೊನೆಯ ಮನೆಯ ಕೂಸೊಂದು ತೀರಿಕೊಂಡಿತು. ಕೂಸಿನ ಸಾವಿಗೆ ಆ ನೀರೇ ಕಾರಣವೆಂದು ಸಾಧಿಸುವ ಆಧಾರ ನನ್ನಲ್ಲಿಲ್ಲ. ಆದರೆ ಚಾಚಾ ಹಾಗೆಂದೇ ನಂಬಿದರು. ಸರದಿ ಬದಲಿಸಿ ಎಂದು ಎಂಜಿನಿಯರರನ್ನು ಕೇಳಿದರು. ಒಂದು ಬೀದಿಗಾಗಿ ಇಡೀ ಊರಿನ ಸರದಿ ಕದಲಿಸಲಾಗದು ಎಂಬ ಉತ್ತರ ಬಂತು. ಅಂದಿನಿಂದ ಅವರು ಶುಕ್ರವಾರ ಕೀಲಿಯನ್ನು ಯಾರ ಕೈಗೂ ಕೊಡಲಿಲ್ಲ. ಮೂರು ಜುಮಾ ತಪ್ಪಿದ ಬಳಿಕ ಒಂದು ಸಂಜೆ ಮಸೀದಿಗೆ ಹೋದಾಗ ಕಾರ್ಯದರ್ಶಿಗಳು ಜನರೆದುರಿಗೆ ತಡೆದು, “ಬಂದ್ಯಾ? ನಿನ್ನ ಎದೆಗೆ ಮೊಹರು ಬಿದ್ದಾಯ್ತು. ಇನ್ನು ನಿನ್ನ ನಮಾಜೂ ಅಲ್ಲಾಹನಿಗೆ ಸೇರಲ್ಲ, ನಿನ್ನ ಹೆಣಕ್ಕೆ ನಮ್ಮ ನಮಾಜೂ ಇಲ್ಲ,” ಎಂದರಂತೆ. ಚಾಚಾ ಓದು ಬಾರದವರು. ಮೊದಲ ಸಾಲಿನ ದೊಡ್ಡ ಮನುಷ್ಯರ ಮಾತನ್ನು ತೀರ್ಪೆಂದೇ ತಿಳಿದರು. ಹಾಗೆಯೇ ತಿರುಗಿ ಬಂದರು. ಮತ್ತೆ ಹೋಗಲಿಲ್ಲ.

“ಹಾಗಾದರೆ ಅಂದಿನಿಂದ ನಮಾಜನ್ನೇ ಬಿಟ್ಟಿರೇ?” ಎಂದು ಕೇಳಿದೆ.

ಉತ್ತರ ಕೊಟ್ಟವರು ಚಾಚಿ, ಅದೂ ಸಿಡಿದೆದ್ದು.

“ಬಿಟ್ರು ಅಂತ ಯಾರು ಹೇಳಿದ್ದು? ಐದು ಹೊತ್ತಲ್ಲಿ ಒಂದು ಹೊತ್ತು ತಪ್ಪಿಸಿದ್ದು ನಾನು ನೋಡಿಲ್ಲ. ಗುಂಡಿ ಪಕ್ಕದ ಸಾಮಾನು ಶೆಡ್ಡಲ್ಲಿ ಗೋಣಿಚೀಲ ಹಾಸ್ಕೊಂಡು ಮಾಡ್ತಾರೆ. ಮನೇಲಿ ಹಿಂದಿನ ರೂಮಲ್ಲಿ ಚಿಲಕ ಹಾಕ್ಕೊಂಡು ಮಾಡ್ತಾರೆ, ಕಳ್ಳತನ ಮಾಡೋರ ಥರ! ದೇವರ ಮುಂದೆ ಕೈ ಎತ್ತಿ ತನಗೆ ಅಂತ ಒಂದು ದುವಾ ಮಾತ್ರ ಕೇಳಲ್ಲ. ಯಾಕ್ರೀ ಅಂದ್ರೆ, ನಿನ್ನ ಕೆಲಸ ನೋಡು ಅಂತಾರೆ. ಆ ಮಾತನ್ನ ನಿಜಾ ಅಂತ ನಂಬ್ಕೊಂಡಿದ್ರು ಅಂತ ನನಗೆ ಇವತ್ತು ಗೊತ್ತಾಯ್ತು.”

ಈ ಮನುಷ್ಯ ತಾನು ನರಕಕ್ಕೆ ಸಲ್ಲುವವನೆಂದು ಸಂಪೂರ್ಣವಾಗಿ ನಂಬಿದ್ದರು. ಪ್ರತಿ ಶುಕ್ರವಾರ ಅದನ್ನು ತಿಳಿದೇ ಕೀಲಿ ಹಿಡಿದಿದ್ದರು.

“ಗೊತ್ತಿದ್ದೂ ವಾಲ್ವಿನ ಹತ್ತಿರವೇ ನಿಂತಿರಲ್ಲ?” ಎಂದೆ.

“ಇನ್ನೇನ್ ಮಾಡ್ಲಿ ಹೇಳಿ? ಅಲ್ಲಿ ಸುಡೋನು ನಾನೊಬ್ಬ. ಇಲ್ಲಿ ಬಾಯಾರೋದು ಒಂದು ಬೀದಿ.”

ನಾನು ಎದ್ದು ನೇರವಾಗಿ ಮಸೀದಿಗೆ ನಡೆದೆ. ಇಮಾಮರು ತಮ್ಮ ಪುಟ್ಟ ಕೋಣೆಯ ಹೊರಗೆ ಬಟ್ಟೆ ಒಗೆಯುತ್ತಿದ್ದರು. ಸಂಗತಿಯನ್ನು ಕೇಳುತ್ತಲೇ ಕೈಯಲ್ಲಿದ್ದ ಅಂಗಿಯನ್ನು ಬಕೆಟ್ಟಿಗೆ ಬಿಟ್ಟು, ಒದ್ದೆ ತೋಳಿನಲ್ಲೇ ನನ್ನ ಜೊತೆ ಬಂದರು. ಮಂಚದ ಅಂಚಿನಲ್ಲಿ ಕುಳಿತು ಚಾಚಾರ ಕೈ ಹಿಡಿದುಕೊಂಡರು. ಜನರು ಹೇಳುವ ಕೈ ಹಿಡಿದ ಕಥೆಯಲ್ಲಿ ನಿಜವಿರುವುದು ಇಷ್ಟೇ. ಹಿಡಿದವರು ಇಮಾಮರು, ಚಾಚಾ ಅಲ್ಲ.

“ಚಾಚಾ, ಕಾವಲು ಕಾಯೋನಿಗೆ, ರೋಗಿ ಪಕ್ಕದಿಂದ ಏಳೋಕಾಗದೋನಿಗೆ ಜುಮಾ ಕಡ್ಡಾಯ ಇಲ್ಲ. ನೀವು ಬಿಟ್ಟು ಬಂದ್ರೆ ಜನಕ್ಕೆ ತೊಂದ್ರೆ ಆಗ್ತಿತ್ತು. ಅವತ್ತಿನ ಮಧ್ಯಾಹ್ನದ ನಮಾಜು ಒಬ್ರೇ ಮಾಡಿದ್ರೆ ಸಾಕಿತ್ತು. ನೀವು ಮಾಡಿದೀರಿ. ನಿಮ್ಮ ಮೇಲೆ ಯಾವ ಮೊಹರೂ ಇಲ್ಲ.”

ಚಾಚಾ ಒಪ್ಪದೆ ತಲೆಯಾಡಿಸಿದರು.

“ನೀವು ನನ್ನ ಮಗಳ ವಯಸ್ಸಿನೋರು, ಒಳ್ಳೇವರು. ಸಾಯೋ ಮುದುಕನಿಗೆ ಸಮಾಧಾನ ಹೇಳೋದು ನಿಮ್ಮ ಕರ್ತವ್ಯ. ಅವರು ಅಷ್ಟು ಜನದ ಮುಂದೆ ಹೇಳಿದ್ದು ಸುಮ್ನೆ ಆಗುತ್ತಾ?”

“ನಿಮ್ಮ ನಮಾಜು ಸೇರಲ್ಲ ಅಂತ ನಂಬಿದ್ರಲ್ಲ ಚಾಚಾ, ಮತ್ತೆ ಯಾಕೆ ಮಾಡ್ತಿದ್ರಿ?”

“ಇದೆಂಥಾ ಪ್ರಶ್ನೆ ಹಜ್ರತ್? ತೊಗೊಳ್ಳೋದು ಬಿಡೋದು ಅವನಿಷ್ಟ. ಬಾಗ್ಲು ಹಾಕ್ಕೊಂಡ ಅಂತ ಒಡೆಯ ಬೇರೆಯೋನಾಗ್ತಾನಾ?”

ಇಮಾಮರು ಕನ್ನಡಕ ತೆಗೆದು ಒದ್ದೆ ತೋಳಿನಿಂದ ಕಣ್ಣೊರೆಸಿಕೊಂಡರು. ಹೊರಗೆ ಬಂದ ಮೇಲೆ ಅವರು ನನಗೆ ಹೇಳಿದ್ದು ಒಂದೇ ಮಾತು: “ಆ ಮಾತು ಹೇಳಿದ ಬಾಯೇ ಬಂದು ವಾಪಸ್ ತೊಗೊಳ್ಬೇಕು. ನಡೀರಿ.”

ಹಾಸಿಗೆ ಅಂಗಡಿಯಲ್ಲಿ ಕಾರ್ಯದರ್ಶಿಗಳು ಹತ್ತಿಯ ರಾಶಿಯ ನಡುವೆ ಕುಳಿತು ಗಿರಾಕಿಯೊಬ್ಬರಿಗೆ ದಿಂಬು ಒತ್ತಿ ತೋರಿಸುತ್ತಿದ್ದರು. ಗಿರಾಕಿ ಹೋಗುವವರೆಗೆ ಕಾದು ನಾನು ವಿಷಯ ತಿಳಿಸಿದೆ.

“ನಾನಾ? ಹಾಗಂದ್ನಾ? ಯಾವಾಗ?” ಎಂದು ಹುಬ್ಬು ಗಂಟಿಕ್ಕಿದರು. ಆಮೇಲೆ ನೆನಪಾಗಿರಬೇಕು, ನಕ್ಕುಬಿಟ್ಟರು. “ಅಯ್ಯೋ, ಅದಾ! ತಮಾಷೆಗೆ ಅಂದಿದ್ದು ಕಣ್ರೀ. ಸ್ವಲ್ಪ ಹೆದರಿಸಿದ್ರೆ ಜುಮಾಕ್ಕೆ ಬರ್ತಾನೆ ಅಂತ. ಅದನ್ನೇ ಹಿಡ್ಕೊಂಡ್ ಕೂತ್ನಾ ಇಷ್ಟು ವರ್ಷ? ಒಳ್ಳೇ ಕತೆ ಆಯ್ತಲ್ಲ!”

ನಾನು ಕೈಯಲ್ಲಿದ್ದ ಕೊಡೆಯನ್ನು ನೆಲಕ್ಕೆ ಕುಟ್ಟಿದೆ. ನ್ಯಾಯಾಲಯದಲ್ಲಿ ಮರಣದಂಡನೆಯ ತೀರ್ಪುಗಳನ್ನು ಓದಿದ್ದನ್ನು ಕೇಳಿದ್ದೇನೆ. ಓದಿದವರು ಒಬ್ಬರೂ ನಗಲಿಲ್ಲ, ಒಬ್ಬರೂ ಮರೆಯಲಿಲ್ಲ. ಈ ಮನುಷ್ಯ ಇನ್ನೊಬ್ಬನ ಪರಲೋಕವನ್ನೇ ಕಿತ್ತುಕೊಂಡು, ಮನೆಗೆ ಹೋಗಿ ಉಂಡು ಮಲಗಿ ಮರೆತುಬಿಟ್ಟಿದ್ದರು. ನಾನು ಗದರುವುದಕ್ಕೆ ಮೊದಲೇ ಇಮಾಮರು ತಣ್ಣಗಿನ ದನಿಯಲ್ಲಿ ಹೇಳಿದರು:

“ಯಜಮಾನ್ರೇ, ಅಲ್ಲಾಹನ ವಿಷಯದಲ್ಲಿ ತಪ್ಪಿದ್ರೆ ಅವನು ಕ್ಷಮಿಸ್ತಾನೆ. ಮನುಷ್ಯನಿಗೆ ಮಾಡಿದ ಅನ್ಯಾಯಾನ ಆ ಮನುಷ್ಯನೇ ಕ್ಷಮಿಸ್ಬೇಕು. ನೀವು ಮೊದಲ ಸಾಲಲ್ಲಿ ನಿಂತಿದ್ದು ಅಲ್ಲಿ ಉಪಯೋಗಕ್ಕೆ ಬರಲ್ಲ. ಚಾಚಾ ಇನ್ನೂ ಉಸಿರಾಡ್ತಿದಾರೆ. ಏಳಿ.”

ನಗು ಹೇಗೆ ಬಂದಿತ್ತೋ ಹಾಗೆಯೇ ಇಳಿಯಿತು. ಅಂಗಡಿಯ ಬಾಗಿಲನ್ನೂ ಎಳೆಯದೆ ಅವರು ನಮ್ಮ ಹಿಂದೆ ಬಂದರು.

ಕೋಣೆಯಲ್ಲಿ ಚಾಚಾ, ಚಾಚಿ, ಮಗಳು, ಇಮಾಮರು, ಕಾರ್ಯದರ್ಶಿಗಳು ಮತ್ತು ನಾನು ಇದ್ದೆವು. ಬೇರೆ ಯಾರೂ ಇರಲಿಲ್ಲ. ಬಾಗಿಲ ಹೊರಗೆ ಜನ ಕೂಡಿದ್ದರೆಂಬುದು ಕೂಡ ಸುಳ್ಳು.

“ಏನಪ್ಪಾ, ಹೀಗಾ ಮಾಡ್ಕೊಳ್ಳೋದು?” ಎಂದು ಕಾರ್ಯದರ್ಶಿಗಳು ಆರಂಭಿಸಿದರು. “ನಾನು ಅವತ್ತು ತಮಾಷೆಗೆ ಅಂದೆ ಕಣೋ. ನಿನ್ನ ಜನಾಜಾಕ್ಕೆ ನಾನೇ ಮೊದ್ಲು ನಿಲ್ತೀನಿ.”

ಚಾಚಾ ಕಣ್ಣು ಮಿಟುಕಿಸಲಿಲ್ಲ.

“ತಮಾಷೆಗಾ?”

“ಹೂಂ, ತಮಾಷೆಗೆ.”

“ಧರ್ಮದಲ್ಲಿ ಹಾಗಿಲ್ವಾ?”

“ಹಾಗೆ… ಅಷ್ಟೊಂದೇನಿಲ್ಲ. ಹಜ್ರತ್ ಹೇಳಿದ್ರಲ್ಲ.”

ಆಗಿನ ಚಾಚಾರ ಮುಖದಂಥ ಮುಖವನ್ನು ನಾನು ಇನ್ನೆಂದೂ ನೋಡಬಯಸುವುದಿಲ್ಲ. ಶಿಕ್ಷೆಯನ್ನು ಪೂರ್ತಿ ಅನುಭವಿಸಿದ ಕೈದಿಗೆ ಜೈಲಿನ ಬಾಗಿಲಿಗೆ ಬೀಗವೇ ಇರಲಿಲ್ಲವೆಂದು ಹೇಳಿದರೆ ಹೇಗಿರಬಹುದೋ ಹಾಗಿತ್ತು. ಚಾಚಿಗೆ ತಡೆಯಲಾಗಲಿಲ್ಲ.

“ನಿಮ್ಮ ತಮಾಷೆ ಹಾಳಾಗ! ನನ್ನ ಗಂಡ ಕದ ಮುಚ್ಕೊಂಡು ದೇವರಿಗೆ ಕೈ ಮುಗಿದ್ರಲ್ಲ, ಅದಕ್ಕೆ ನಕ್ಕಿದ್ರಾ ನೀವು?”

“ಅಮ್ಮಾ, ಸುಮ್ನಿರಿ,” ಎಂದಳು ಮಗಳು. ಆದರೆ ಅವಳೂ ಬಿಕ್ಕುತ್ತಿದ್ದಳು.

“ಮಾಫ್ ಮಾಡಿಬಿಡಪ್ಪಾ,” ಎಂದರು ಕಾರ್ಯದರ್ಶಿಗಳು. ಅವರ ಕೈಗಳು ತಾವಾಗಿಯೇ ಜೋಡಿಕೊಂಡಿದ್ದವು. “ಬಾಯಿಬಿಟ್ಟು ಒಂದು ಮಾತು ಹೇಳು. ಮಾಫ್ ಮಾಡಿದೆ ಅನ್ನು.”

ಆ ಹೊತ್ತಿಗೆ ಮಸೀದಿಯಿಂದ ಸಂಜೆಗೆ ಮುಂಚಿನ ನಮಾಜಿನ ಕರೆ ಕೇಳಿಸಿತು. ಚಾಚಾ ಕೊನೆಯವರೆಗೆ ಆಲಿಸಿದರು. ಆಮೇಲೆ ಹೇಳಿದರು:

“ಹೋಗಿ. ನಿಮ್ಮ ನಮಾಜಿಗೆ ಹೊತ್ತಾಯ್ತು.”

ಇಷ್ಟೇ. ಹೆಚ್ಚಿಗೆ ಒಂದು ಶಬ್ದವನ್ನೂ ಅವರು ಆಡಲಿಲ್ಲ. ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಕಾದು ಹೊರಟುಹೋದರು. ನಾವೂ ಹೊರಟೆವು.

ನಮ್ಮ ಬೆನ್ನಹಿಂದೆ ನಡೆದದ್ದನ್ನು ಚಾಚಿಯವರಿಂದ ಕೇಳಿದ್ದೇನೆ. ಚಾಚಾ ದಿಂಬಿಗೊರಗಿ ಕುಳಿತು ನಮಾಜು ಮುಗಿಸಿದರು. ಬಳಿಕ ಎರಡೂ ಕೈಗಳನ್ನೆತ್ತಿದರು. ತೋಳು ಸೋತು ಇಳಿದಾಗ ಮಗಳು ಮೊಣಕೈಗಳನ್ನು ಹಿಡಿದುಕೊಂಡಳು. ಏನು ಕೇಳಿದರೋ ಕೇಳಿಸಲಿಲ್ಲ. ಆದರೆ ಬಹಳ ಹೊತ್ತು ಕೇಳಿದರು. ಮುಗಿದ ಮೇಲೆ, “ಮಸೀದಿಗೇ ತೊಗೊಂಡ್ ಹೋಗಿ. ಮುಂಬಾಗ್ಲಿಂದ,” ಎಂದರು.

ಅದಾದ ಒಂದು ವಾರದೊಳಗೆ ತೀರಿಕೊಂಡರು. ನಮ್ಮಲ್ಲಿ ಪುಣ್ಯದ ದಿನವಾದ ಶುಕ್ರವಾರವೇ ತೀರಿಕೊಂಡರೆಂದು ಕೆಲವರು ಹೇಳಿ ಹೇಳಿ ಪುಣ್ಯ ಕಟ್ಟಿಕೊಳ್ಳುತ್ತಿದ್ದಾರೆ. ಅದೂ ತಪ್ಪು. ಅಂದು ಸೋಮವಾರ. ಶವವನ್ನು ಮುಂಬಾಗಿಲಿಂದಲೇ ಅಂಗಳಕ್ಕೆ ಒಯ್ದೆವು. ಸಾಲುಗಳು ಅಂಗಳ ತುಂಬಿ ಬೀದಿಗೆ ಬಂದವು. ಗೋಡೆಯಾಚೆ ಕೆಳಬೀದಿಯ ಇತರ ಮತದವರು ನಿಂತಿದ್ದರು. ಟೈಲರ್ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಮಾಜಿಗೆ ಮೊದಲು ಇಮಾಮರು, ಸತ್ತವರಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಬೇಕೆಂದು ಕೇಳಿಕೊಂಡರು. “ಮೋಟರು ಎಸೆದಿದ್ದು ಮಾಫ್!” ಎಂದು ಹಿಂದಿನ ಸಾಲಿನಿಂದ ಒಬ್ಬರು ಗಟ್ಟಿಯಾಗಿ ಕೂಗಿದರು. ಅಳುತ್ತಿದ್ದವರೂ ನಕ್ಕರು. ಸತ್ತವರು ಯಾರನ್ನು ಕ್ಷಮಿಸಬೇಕಾಗಿತ್ತು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳಿದರೂ ಉತ್ತರ ಕೊಡಬೇಕಾದವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಅಂದಿನಿಂದ ಕಾರ್ಯದರ್ಶಿಗಳು ನನ್ನ ಮನೆಗೆ ಬರುತ್ತಿದ್ದಾರೆ. ಮೊದಲು ಚಾಚಿಯವರಲ್ಲಿಗೆ ಹೋಗಿದ್ದರು. ಆಕೆ ಕುಡಿಯಲು ನೀರು ಕೊಟ್ಟರು, ಮಾತು ಕೊಡಲಿಲ್ಲ. ನಿನ್ನೆಯೂ ಬಂದಿದ್ದರು. ಗಡ್ಡ ಬಾಚಿರಲಿಲ್ಲ. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳಲಿಲ್ಲ.

“ಶಿರಸ್ತೇದಾರ್ರೇ, ನೀವು ಅಲ್ಲೇ ಇದ್ರಿ. ‘ಹೋಗಿ’ ಅಂದ್ರಲ್ಲ, ಅಂದ್ರೆ ಮಾಫ್ ಮಾಡಿದ ಹಾಗೇ ಅಲ್ವಾ?”

“ಅವರು ಆಡಿದ ಮಾತನ್ನು ಇದ್ದ ಹಾಗೆ ಹೇಳಬಲ್ಲೆ. ಅದರೊಳಗೆ ಏನಿತ್ತೆಂದು ಹೇಳಲಾರೆ.”

“ಇಲ್ಲ ಅಂತಾನೂ ಅನ್ಲಿಲ್ವಲ್ಲ?”

“ಇಲ್ಲವೆನ್ನಲಿಲ್ಲ. ಹೌದೆನ್ನಲೂ ಇಲ್ಲ.”

“ಹಜ್ರತ್ ಹತ್ರ ಹೋದೆ. ಚಾಚಾ ಹೆಸರಲ್ಲಿ ದುವಾ ಮಾಡ್ತಾ ಇರಿ, ಕ್ಷಮೆ ಕೇಳ್ತಾ ಇರಿ, ಉಳಿದಿದ್ದು ಅಲ್ಲಾಹನಿಗೆ ಬಿಟ್ಟಿದ್ದು ಅಂದ್ರು.”

“ಸರಿಯಾಗಿಯೇ ಹೇಳಿದ್ದಾರೆ. ಮಾಡಿ.”

ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಅರವತ್ತು ದಾಟಿದ, ಐದು ಹೊತ್ತಿನ, ಮೊದಲ ಸಾಲಿನ ಆ ಮನುಷ್ಯ ನನ್ನನ್ನು ಕೇಳಿದರು:

“ಸೇರುತ್ತೋ ಇಲ್ವೋ ಗೊತ್ತಿಲ್ಲದೇನೇ ಹೇಗ್ರೀ ಮಾಡೋದು?”

ನನಗೆ ಗೋಡೆಯಾಚೆ ಚಾಚಾ ಚಿಲಕ ಹಾಕಿಕೊಳ್ಳುತ್ತಿದ್ದ ಹಿಂದಿನ ಕೋಣೆ ನೆನಪಾಯಿತು. ತಾವು ಕೇಳಿದ್ದೇನೆಂಬ ಅರಿವು ಅವರಿಗಿರಲಿಲ್ಲ.